ಕೊರಿಯಾದ ಹಳ್ಳಿಮನೆಯ ಪಾತ್ರೆಪದಾರ್ಥಗಳು

ಗೃಹಸ್ಥನ ಮನೆಯಲ್ಲಿ ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದು ಉಪಕರಣಗಳು ಇದ್ದೇ ಇರುವುವೆಂದು ನಮ್ಮ ಸ್ಮೃತಿಕಾರರು ಎಣಿಸಿ, ಅವುಗಳಿಗೆ ‘ಪಂಚಸೂನಾ’ ಎಂದು ಹೆಸರಿಟ್ಟರು. ಇವುಗಳ ಬಳಕೆಯಲ್ಲಿ ಅರಿಯದೆಯೇ ನಡೆದುಹೋಗುವ ಕ್ರಿಮಿಕೀಟಗಳ ಹಿಂಸೆಗೆ ಪರಿಹಾರವನ್ನು ವಿಧಿಸುವುದು ಅವರ ಉದ್ದೇಶವಾಗಿದ್ದಿತೇ ಹೊರತು, ಮನೆಯ ಸಾಮಾನುಗಳ ಪಟ್ಟಿಯನ್ನು ಬರೆದಿಡುವುದಲ್ಲ. ಆದರೂ ಅವರ ಆ ಒಂದು ಮಾತಿನಿಂದ ಪ್ರಾಚೀನರ ಅಡಿಗೆಮನೆಯು ನಮ್ಮ ಕಣ್ಣಿಗೆ ಕಟ್ಟಿದಂತಾಗುತ್ತದೆ. ರಾಜರ ಕಿರೀಟಗಳನ್ನೂ ದೇವಾಲಯಗಳ ಶಿಖರಗಳನ್ನೂ ವರ್ಣಿಸಿದವರು ಸಾವಿರಾರು ಮಂದಿ. ಪೊರಕೆಯನ್ನು ನೆನೆದವರು ವಿರಳ. ನಿತ್ಯವೂ ಕೈಯಲ್ಲಿ ಹಿಡಿಯುವ ವಸ್ತುವನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಅದು ಇಲ್ಲವಾದ ಮೇಲೆ ಅದರ ಹೆಸರೂ ನೆನಪಿಗೆ ಬರುವುದಿಲ್ಲ.

ಈ ಮಾತಿಗೆ ದೃಷ್ಟಾಂತವಾಗಿ ಚೀನಕ್ಕೂ ಜಪಾನಿಗೂ ನಡುವೆ ಚಾಚಿಕೊಂಡಿರುವ ಕೊರಿಯಾ ಎಂಬ ಪರ್ಯಾಯದ್ವೀಪದ ಹಳ್ಳಿಗಳ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನನ್ನ ಆಶೆ. ಆ ದೇಶವು 1945ರಲ್ಲಿ ಇಬ್ಭಾಗವಾಯಿತಷ್ಟೆ. ಮಹಾಯುದ್ಧಾನಂತರದ ಸಂಗತಿಯಾಗಿ ಇಲ್ಲಿ ಹೇಳತಕ್ಕದ್ದೆಲ್ಲವೂ ದಕ್ಷಿಣ ಭಾಗಕ್ಕೆ ಸಂಬಂಧಿಸಿದ್ದು. ನಮ್ಮ ಪಂಚಸೂನೆಗಳೆಲ್ಲವೂ ಅಲ್ಲಿಯ ಹಳ್ಳಿಮನೆಯಲ್ಲಿಯೂ ಇದ್ದುವು. ನೆನೆಸಿದ ಸೋಯಾ ಕಾಳನ್ನು ಅರೆಯುವುದಕ್ಕೆ ‘ಮೆಟ್‌ದೋಲ್’ ಎಂಬ ಬೀಸುವ ಕಲ್ಲು, ಬತ್ತವನ್ನು ಕುಟ್ಟುವುದಕ್ಕೆ ‘ಜೊಲ್ಗು’ ಎಂಬ ಒರಳು, ಜೋಳದ ಕಡ್ಡಿಯ ಪೊರಕೆ, ಬಾವಿಯಿಂದ ನೀರು ತರುವುದಕ್ಕೆ ಮಣ್ಣಿನ ಕೊಡ. ಆ ಕೊಡವನ್ನು ಹೆಂಗಸರು ತಲೆಯ ಮೇಲೆ ಹೊರುವಾಗ ಅಡಿಯಲ್ಲಿ ಹುಲ್ಲಿನ ಸಿಂಬಿಯನ್ನು ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಒಂದು ದಾರವನ್ನು ಕಟ್ಟಿ, ಸಿಂಬಿಯು ಜಾರದಂತೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಡೆಯುವುದು ಅಲ್ಲಿಯ ವಾಡಿಕೆ. (ನಮ್ಮ ಪಟ್ಟಣದ ಮಕ್ಕಳಿಗೆ ಸಿಂಬಿಯೆಂದರೇನೆಂಬುದನ್ನೇ ಈಗ ಹೇಳಿಕೊಡಬೇಕಾದೀತು.) ಮೊರವೂ ಉಂಟು. ರಾತ್ರಿ ಹಾಸಿಗೆಯನ್ನು ಒದ್ದೆಮಾಡಿದ ಮಗುವಿನ ತಲೆಗೆ ಬೆಳಗ್ಗೆ ಆ ಮೊರವನ್ನು ಮುಚ್ಚಿ, ‘ಹೋಗು, ನೆರೆಮನೆಯಿಂದ ಉಪ್ಪನ್ನು ಬೇಡಿಕೊಂಡು ಬಾ’ ಎಂದು ಅಟ್ಟುತ್ತಿದ್ದರಂತೆ. ಮೊರವನ್ನು ಹೊತ್ತ ಮಗುವನ್ನು ಕಂಡ ಕೂಡಲೇ ನೆರೆಯವರಿಗೆ ವಿಷಯವು ತಿಳಿದುಹೋಗುತ್ತಿತ್ತು!

ಅಲ್ಲಿಯ ಒಲೆಯನ್ನು ಕುರಿತು ಎರಡು ಮಾತುಗಳನ್ನು ಹೆಚ್ಚಾಗಿ ಹೇಳಬೇಕು. ಕೊರಿಯಾದ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಆದುದರಿಂದ ಅಡಿಗೆಮನೆಯ ನೆಲವನ್ನು ತಗ್ಗಿನಲ್ಲಿ ಮಾಡಿ, ಒಲೆಯ ಬಿಸಿಹೊಗೆಯು ಪಕ್ಕದ ಕೋಣೆಯ ಕಲ್ಲುಚಪ್ಪಡಿಗಳ ಕೆಳಗಿನ ಕಾಲುವೆಗಳಲ್ಲಿ ಹರಿದು, ಆಚೆಯ ಹೊಗೆಗೂಡಿನಿಂದ ಹೊರಬೀಳುವಂತೆ ಕಟ್ಟುತ್ತಿದ್ದರು. ಅನ್ನವನ್ನು ಬೇಯಿಸಿದ ಬೆಂಕಿಯೇ ಮಲಗುವ ನೆಲವನ್ನೂ ಬೆಚ್ಚಗೆ ಮಾಡುತ್ತಿತ್ತು. ಇದಕ್ಕೆ ‘ಓಂದೋಲ್’ ಎಂದು ಹೆಸರು. ನೆಲವೇ ಬೆಚ್ಚಗಿರುವಾಗ ಕುರ್ಚಿ ಮಂಚಗಳಿಗೆ ಏನು ಕೆಲಸ? ಎಲ್ಲರೂ ನೆಲದ ಮೇಲೆಯೇ ಕುಳಿತರು, ನೆಲದ ಮೇಲೆಯೇ ಮಲಗಿದರು. ಊಟವನ್ನು ತಗ್ಗಿನ ಅಡಿಗೆಮನೆಯಲ್ಲಿಯೇ ಬಡಿಸಿ, ಮೇಲಿನ ಕೋಣೆಗೆ ಎತ್ತಿಕೊಂಡು ಬರಬೇಕಾದ್ದರಿಂದ ಒಬ್ಬ ಹೆಂಗಸಿನ ಎರಡು ಕೈಗಳ ನಡುವೆ ಹಿಡಿಸುವಷ್ಟೇ ಅಗಲವಾದ, ಹಗುರವಾದ ಮರದ ಊಟದ ಮಣೆಯು ಹುಟ್ಟಿತು. ಅದೇ ‘ಸೋಬಾನ್’. ಹೀಗೆ ಒಲೆಯಿಂದ ನೆಲವೂ, ನೆಲದಿಂದ ಮಣೆಯೂ ಉಂಟಾದುವು. ಇವುಗಳಲ್ಲಿ ಒಂದನ್ನು ತೆಗೆದುಬಿಟ್ಟರೆ ಇನ್ನೊಂದಕ್ಕೆ ಅರ್ಥವುಳಿಯುವುದಿಲ್ಲವೆಂಬುದನ್ನು ವಾಚಕರು ಮರೆಯಬಾರದು.

ಮನೆಯ ಹಿತ್ತಲಿನಲ್ಲಿ ಬಿಸಿಲು ಚೆನ್ನಾಗಿ ಬೀಳುವೆಡೆ ಒಂದು ಕಲ್ಲಿನ ಜಗಲಿ. ಅದರ ಮೇಲೆ ಸಾಲಾಗಿ ನಿಲ್ಲಿಸಿದ ಕಂದುಬಣ್ಣದ ಮಣ್ಣಿನ ಹರವಿಗಳು. ಗೃಹಿಣಿಯ ಯೋಗ್ಯತೆಯನ್ನು ಬಂಧುಗಳು ಅಳೆಯುತ್ತಿದ್ದುದು ಈ ಜಗಲಿಯನ್ನು ನೋಡಿ. ಸೋಯಾ ಕಾಳಿನಿಂದ ಮಾಡಿದ ಕರಿಯ ರಸ, ಅದರ ಗಸಿಯಂತಹ ಗಟ್ಟಿಯಾದ ಹಿಂಡಿ, ಮೆಣಸಿನಕಾಯಿಯ ಕೆಂಪು ಗೊಜ್ಜು ಇವು ಅಲ್ಲಿ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ, ಮಾಗುತ್ತಿದ್ದುವು. ‘ಒಂಗಿ’ ಎಂಬ ಈ ಭಾಂಡಗಳಿಗೆ ಬೂದಿಯನ್ನೂ ಕೊಳೆತ ಎಲೆ ಬೆರೆತ ಮಣ್ಣನ್ನೂ ಕಲಸಿ ಬಳಿದು ಸುಡುತ್ತಾರೆ. ನೀರು ಸೋರದಿದ್ದರೂ ಗಾಳಿಯಾಡುವಷ್ಟು ಸೂಕ್ಷ್ಮವಾದ ರಂಧ್ರಗಳು ಅದರ ಮೈಯಲ್ಲಿ ಉಳಿದಿರುವುವು. ಒಳಗಿನ ಉಪ್ಪು ಕೆಲವೊಮ್ಮೆ ಹೊರಮೈಯಲ್ಲಿ ಬೆಳ್ಳಗೆ ಬಿಡುವುದುಂಟು. ಬಿಸಿಲು ಕಡಮೆಯಾದ ಉತ್ತರದ ಸೀಮೆಗಳಲ್ಲಿ ಇವಕ್ಕೆ ಅಗಲವಾದ ಬಾಯಿ. ಬಿಸಿಲು ಹೆಚ್ಚಾದ ದಕ್ಷಿಣದಲ್ಲಿ ಕಿರಿದಾದ ಬಾಯಿ, ಉಬ್ಬಿದ ಹೊಟ್ಟೆ. ಹೊಸದಾಗಿ ರಸವನ್ನು ಹಾಕಿದ ಹರವಿಯ ಕೊರಳಿಗೆ ಎಡಹುರಿಯ ಹುಲ್ಲುಹಗ್ಗವನ್ನು ಕಟ್ಟಿ, ಅದರಲ್ಲಿ ಕೆಂಪು ಮೆಣಸಿನಕಾಯಿಗಳನ್ನೂ ಇದ್ದಲಿನ ಚೂರುಗಳನ್ನೂ ಸಿಕ್ಕಿಸುವರು. ಕಾಲುಚೀಲದ ಆಕಾರದಲ್ಲಿ ಕತ್ತರಿಸಿದ ಬಿಳಿಯ ಕಾಗದವನ್ನು ತಲೆಕೆಳಗಾಗಿ ಅಂಟಿಸುವುದೂ ಉಂಟು. ದೃಷ್ಟಿದೋಷವೂ ಹುಳುಹುಪ್ಪಟೆಯೂ ತಟ್ಟದಿರಲೆಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಹಿಂಸೆಗೆ ಅಂಜಿ ಬೆಟ್ಟಗಳಲ್ಲಿ ಅಡಗಿದ್ದ ಕ್ಯಾಥೊಲಿಕ್ ಕ್ರೈಸ್ತರಲ್ಲಿ ಅನೇಕರು ಈ ಭಾಂಡಗಳನ್ನು ಮಾಡಿ ಮಾರಿ ಜೀವಿಸಿದರೆಂಬುದು ಇತಿಹಾಸಕ್ಕೆ ತಿಳಿದ ಸಂಗತಿಯೇ.

ಭಾಂಡಕ್ಕೆ ಕಟ್ಟಿದ ಆ ಹಗ್ಗದ ವಿಷಯಕ್ಕೆ ಬರೋಣ. ಕೊರಿಯಾದ ರೈತನಿಗೆ ಬತ್ತವು ಅನ್ನವನ್ನು ಕೊಟ್ಟಿತು. ಮಿಕ್ಕದ್ದನ್ನೆಲ್ಲ ಬತ್ತದ ಹುಲ್ಲು ಕೊಟ್ಟಿತು. ಮಗುವು ಹುಟ್ಟಿದರೆ ಮನೆಯ ಬಾಗಿಲಿಗೆ ಎಡಹುರಿಯ ಹಗ್ಗವನ್ನು ಕಟ್ಟುತ್ತಿದ್ದರು. ಗಂಡುಮಗುವಾದರೆ ಅದರಲ್ಲಿ ಕೆಂಪು ಮೆಣಸಿನಕಾಯಿ ಮತ್ತು ಇದ್ದಲು, ಹೆಣ್ಣಾದರೆ ಪೀತದಾರು ಜಾತಿಯ ಚಿಗುರುಕೊಂಬೆ ಮತ್ತು ಇದ್ದಲು. ಅದನ್ನು ನೋಡಿ ಇಪ್ಪತ್ತೊಂದು ದಿನಗಳವರೆಗೆ ಹೊರಗಿನವರು ಒಳಗೆ ಕಾಲಿಡುತ್ತಿರಲಿಲ್ಲ. ಸಾಮಾನ್ಯದ ಕೆಲಸಗಳಿಗೆಲ್ಲ ಬಲಹುರಿ. ಪವಿತ್ರವಾದ ಕೆಲಸಕ್ಕೆ ಮಾತ್ರ ಎಡಹುರಿ. ತಂದೆತಾಯಿಗಳು ಸತ್ತರೆ ಮಗನು ಹುಲ್ಲಿನ ಹಗ್ಗವನ್ನೇ ನಡುವಿಗೆ ಬಿಗಿದು, ಹುಲ್ಲಿನ ಕೆರಗಳನ್ನು ಮೆಟ್ಟಿ ಶವದ ಹಿಂದೆ ನಡೆಯುತ್ತಿದ್ದನು. ಈ ಎರಡು ಹಗ್ಗಗಳ ನಡುವಿನ ಆಯುಷ್ಯದಲ್ಲಿ ಅವನು ಮೆಟ್ಟಿದ್ದು ‘ಜಿಪ್‌ಸಿನ್’ ಎಂಬ ಹುಲ್ಲಿನ ಪಾದರಕ್ಷೆ. ಕಾಳನ್ನು ಒಣಗಿಸಿದ್ದು ‘ಮಂಗ್‌ಸಕ್’ ಎಂಬ ಹುಲ್ಲಿನ ದಪ್ಪ ಚಾಪೆಯ ಮೇಲೆ. ಮಳೆಯಲ್ಲಿ ಹೊದೆದದ್ದು ಹುಲ್ಲಿನ ಗೊರಬು. ಸಂತೆಗೆ ಮೊಟ್ಟೆಗಳನ್ನು ಒಯ್ಯುವಾಗ ಹತ್ತು ಮೊಟ್ಟೆಗಳನ್ನು ಹುಲ್ಲಿನಲ್ಲಿ ಸಾಲಾಗಿ ಸುತ್ತಿ, ಒಂದಕ್ಕೊಂದು ತಾಗಿ ಒಡೆಯದಂತೆ ಕಟ್ಟುತ್ತಿದ್ದ ಜಾಣ್ಮೆಯನ್ನು ಚಿತ್ರದಲ್ಲಿ ನೋಡಿದರೂ ಸಂತೋಷವಾಗುತ್ತದೆ. ಬೇಯಿಸಿ ಕುಟ್ಟಿದ ಸೋಯಾ ಮುದ್ದೆಗಳನ್ನು ಸೂರಿನಲ್ಲಿ ತೂಗಹಾಕುತ್ತಿದ್ದುದೂ ಹುಲ್ಲಿನಿಂದ ಕಟ್ಟಿಯೇ. ಅದು ಬರಿಯ ಕಟ್ಟಲ್ಲ. ಹುಲ್ಲಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ಮುದ್ದೆಯನ್ನು ಸೇರಿ ಹದವಾಗಿ ಹುಳಿಸುತ್ತವೆಂದು ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಇದೆಲ್ಲಕ್ಕೂ ಮೇಲೆ, ಅಕ್ಷರಶಃ ಮೇಲೆ, ಮನೆಯ ಮಾಡೂ ಹುಲ್ಲಿನದೇ.

ಹೊರೆ ಹೊರುವುದಕ್ಕೆ ‘ಜಿಗೆ’ ಎಂಬುದೊಂದು ಸಾಧನವಿತ್ತು. ಕವಲೊಡೆದ ಎರಡು ಕೊಂಬೆಗಳನ್ನು ಮೇಲುಗಡೆ ಹತ್ತಿರವಾಗಿಯೂ ಕೆಳಗಡೆ ದೂರವಾಗಿಯೂ ಜೋಡಿಸಿ, ಬೆನ್ನಿಗೆ ಒತ್ತುವೆಡೆ ಹುಲ್ಲಿನ ಮೆತ್ತೆಯನ್ನೂ ಹೆಗಲಿಗೆ ಹುಲ್ಲಿನ ಜಡೆಪಟ್ಟಿಯನ್ನೂ ಕಟ್ಟಿದರೆ ಜಿಗೆಯಾಯಿತು. ಅದನ್ನು ಹೊರುವವನ ಮೈಯಳತೆಗೆ ಸರಿಯಾಗಿಯೇ ಮಾಡಬೇಕು. 1950ರಿಂದ 1953ರವರೆಗೆ ನಡೆದ ಘೋರಯುದ್ಧದಲ್ಲಿ ಮೋಟಾರು ಏರಲಾಗದ ಬೆಟ್ಟಗಳಿಗೆ ಮದ್ದುಗುಂಡುಗಳನ್ನೂ ಆಹಾರವನ್ನೂ ಕೊರಿಯಾದ ಕೂಲಿಗಳು ಹೊತ್ತೊಯ್ದುದು ಇದರಲ್ಲಿಯೇ. ಅದರ ಆಕಾರವು ಇಂಗ್ಲಿಷ್ ವರ್ಣಮಾಲೆಯ ಮೊದಲಕ್ಷರವನ್ನು ಹೋಲುತ್ತಿದ್ದುದರಿಂದ ಪರದೇಶದ ಸಿಪಾಯಿಗಳು ಆ ಕೂಲಿಗಳ ದಂಡನ್ನು ಆ ಅಕ್ಷರದ ಹೆಸರಿನಿಂದಲೇ ಕರೆದರು. ಯುದ್ಧವು ನಿಂತ ಮೇಲೆ ಸೆರೆಯಾಳುಗಳ ವಿಚಾರಕ್ಕಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾಗಿ ಅಲ್ಲಿಗೆ ಹೋಗಿದ್ದುದನ್ನು ಹಿರಿಯರು ಬಲ್ಲರು.

ಇಂತಹ ಸಾಮಾನುಗಳನ್ನು ಕೂಡಿಡಬೇಕೆಂಬ ಬುದ್ಧಿಯು ಮೊದಲು ಹುಟ್ಟಿದವರಲ್ಲಿ ಒಬ್ಬನು, ವಿಚಿತ್ರವೆಂದರೆ, ಆ ದೇಶವನ್ನು ಆಳುತ್ತಿದ್ದ ಜನಾಂಗಕ್ಕೆ ಸೇರಿದವನು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಅಧೀನದಲ್ಲಿದ್ದಿತು. ಆಸಾಕಾವಾ ತಾಕುಮಿ ಎಂಬ ಜಪಾನೀ ತರುಣನು 1914ರಲ್ಲಿ ಅರಣ್ಯ ಇಲಾಖೆಯ ಕೆಲಸಕ್ಕೆಂದು ಅಲ್ಲಿಗೆ ಬಂದನು. ಬೋಳಾದ ಬೆಟ್ಟಗಳಲ್ಲಿ ಸಸಿಗಳನ್ನು ಬೆಳೆಸುವುದು ಅವನ ಉದ್ಯೋಗ. ಆಳುವವರ ಗತ್ತನ್ನು ಬಿಟ್ಟು, ಅವನು ಅಲ್ಲಿಯವರ ಭಾಷೆಯನ್ನು ಕಲಿತನು, ಅವರ ಉಡುಪನ್ನೇ ಉಟ್ಟನು, ಅವರ ಬೋಗುಣಿ ಮಣೆಗಳನ್ನು ಸಂಗ್ರಹಿಸತೊಡಗಿದನು. ಯಾನಾಗಿ ಸೋಯೆತ್ಸು ಎಂಬ ಪಂಡಿತನೊಡನೆ ಕೂಡಿ 1924ರಲ್ಲಿ ಸಿಯೋಲ್ ನಗರದ ಹಳೆಯ ಅರಮನೆಯ ಒಂದು ಮಂದಿರದಲ್ಲಿ ಜನಪದ ಕಲೆಯ ಸಂಗ್ರಹಾಲಯವನ್ನು ತೆರೆದನು. ಯಾನಾಗಿಯ ಹೆಸರು ಲೋಕಪ್ರಸಿದ್ಧವಾಯಿತು. ಕೊರಿಯಾದವರ ಕಲೆಯೆಲ್ಲ ದುಃಖದ ಸೌಂದರ್ಯವೆಂಬ ಅವನ ಸಿದ್ಧಾಂತವನ್ನು ಅಲ್ಲಿಯ ವಿದ್ವಾಂಸರು ಮುಂದೆ ಖಂಡಿಸಿದರು, ಅದು ಸರಿಯೆಂದೇ ನನಗೂ ತೋರುತ್ತದೆ. ನನಗೆ ಹೆಚ್ಚು ಪ್ರಿಯನಾದವನು ತಾಕುಮಿ. ಅವನು ಸಿದ್ಧಾಂತವನ್ನು ಕಟ್ಟಲಿಲ್ಲ, ಹೆಸರುಗಳನ್ನು ಕೇಳಿದನು. 1929ರಲ್ಲಿ ಸೋಬಾನ್ ಮಣೆಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಬಡಗಿಯು ಮಾಡಿದ ಮಣೆಯನ್ನು ಪೂರ್ಣಗೊಳಿಸುವವರು ಅದನ್ನು ಅಕ್ಕರೆಯಿಂದ ಬಳಸುವವರೇ ಎಂಬುದು ಅದರಲ್ಲಿ ಅವನ ಅಭಿಪ್ರಾಯ. ಯಾವ ಪಾತ್ರೆಯನ್ನು ಜನರು ಯಾವ ಹೆಸರಿನಿಂದ ಕರೆಯುತ್ತಾರೆ, ಅದು ಯಾವ ಕೆಲಸಕ್ಕೆ ಎಂಬುದನ್ನು ತಿಳಿಸುವ ಇನ್ನೊಂದು ಪುಸ್ತಕವು 1931ರಲ್ಲಿ ಹೊರಬೀಳುವುದಕ್ಕೆ ಮುಂಚೆಯೇ ನಲವತ್ತು ವರ್ಷದ ಅವನು ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಅವನ ಶವವನ್ನು ಹೊರಲು ಸುತ್ತಲಿನ ಹಳ್ಳಿಗರು ಮುಂದೆ ಬಂದರು. ಅವನ ಸಮಾಧಿಯು ಇಂದಿಗೂ ಸಿಯೋಲಿನ ಮಾಂಗು ಬೆಟ್ಟದಲ್ಲಿದೆ.

ಸ್ವಾತಂತ್ರ್ಯವು ಬಂದಾಗ ಸೊಂಗ್ ಸೊಕ್‌ಹಾ ಎಂಬ ಕೊರಿಯಾದ ವಿದ್ವಾಂಸನು ಈ ಕಾರ್ಯವನ್ನು ಕೈಗೆ ತೆಗೆದುಕೊಂಡು, 1946ರ ಏಪ್ರಿಲಿನಲ್ಲಿ ನಾಮ್‌ಸಾನ್ ಬೆಟ್ಟದ ಬಳಿ ರಾಷ್ಟ್ರೀಯ ಜನಾಂಗ ಸಂಗ್ರಹಾಲಯವನ್ನು ತೆರೆದನು. ತಾಕುಮಿಯ ಸಂಗ್ರಹವೂ ಅದಕ್ಕೆ ಸೇರಿತು. ಆದರೆ ಸೊಂಗನು 1948ರಲ್ಲಿ ಕಾಲವಾದನು. 1950ರ ಯುದ್ಧದಲ್ಲಿ ಆ ಸಂಸ್ಥೆಯೇ ಇನ್ನೊಂದರಲ್ಲಿ ಲೀನವಾಗಿಹೋಯಿತು.

ಹಳ್ಳಿಗಳಿಗೆ ನಿಜವಾದ ಪರಿವರ್ತನೆಯು ಬಂದುದು ಯುದ್ಧದಿಂದಲ್ಲ, ಸಿಮೆಂಟಿನಿಂದ. ಅಧ್ಯಕ್ಷ ಪಾರ್ಕ್ ಚುಂಗ್ ಹೀ 1970ರಲ್ಲಿ ‘ಸೆಮಾವುಲ್’, ಎಂದರೆ ಹೊಸ ಹಳ್ಳಿ, ಎಂಬ ಚಳವಳಿಯನ್ನು ಆರಂಭಿಸಿದನು. ಆ ಚಳಿಗಾಲದಲ್ಲಿ 33,000ಕ್ಕೂ ಹೆಚ್ಚು ಹಳ್ಳಿಗಳಿಗೆ ತಲಾ 335 ಚೀಲ ಸಿಮೆಂಟನ್ನು ಹಂಚಲಾಯಿತು. ಹಾದಿಗಳು ಅಗಲವಾದುವು, ಬಾವಿಗಳು ಶುದ್ಧವಾದುವು. ಹುಲ್ಲಿನ ಮಾಡುಗಳನ್ನು ಕಿತ್ತು ಸ್ಲೇಟು, ಹಂಚು, ತಗಡುಗಳನ್ನು ಹೊದಿಸಿದರು. ಮೂಢನಂಬಿಕೆಯೆಂದು ಊರಬಾಗಿಲಿನ ಮರದ ರಕ್ಷಕ ವಿಗ್ರಹಗಳನ್ನೂ ಗ್ರಾಮದೇವತೆಗಳ ಗುಡಿಗಳನ್ನೂ ಕೆಡವಿದರು. ಇದನ್ನು ಕೇಳಿ ಪಟ್ಟಣದಲ್ಲಿ ಕುಳಿತವರು ನಿಟ್ಟುಸಿರು ಬಿಡುವುದು ಸುಲಭ. ಆದರೆ ಹುಲ್ಲುಮಾಡಿನಲ್ಲಿ ಹುಳುಗಳು ಸೇರುತ್ತಿದ್ದುವು, ಬೆಂಕಿಯ ಭಯವು ಸದಾ ಇದ್ದಿತು, ವರ್ಷಕ್ಕೊಮ್ಮೆ ಹೊಸ ಹೊದಿಕೆಯನ್ನು ಹೆಣೆಯಲೇಬೇಕಾಗಿತ್ತು. ಚಳಿಗೆ ಬಿರಿದ ಬೆರಳುಗಳಿಂದ ಹಗ್ಗವನ್ನು ಹೊಸೆದವನಿಗೆ ತಗಡನ್ನು ಬಯಸುವ ಅಧಿಕಾರವಿಲ್ಲವೆ? ಅಂದು ಹೊದಿಸಿದ ಸ್ಲೇಟಿನಲ್ಲಿ ಶ್ವಾಸಕೋಶವನ್ನು ಕೆಡಿಸುವ ಕಲ್ನಾರು ಇದ್ದುದು ಮಾತ್ರ ಆಮೇಲೆ ದೊಡ್ಡ ಚಿಂತೆಯಾಯಿತು. ಕಲ್ನಾರಿನ ಬಳಕೆಯನ್ನು 2009ರಲ್ಲಿ ಪೂರ್ಣವಾಗಿ ನಿಷೇಧಿಸಿ, ಸರ್ಕಾರವು ಆ ಮಾಡುಗಳನ್ನು ಕಿತ್ತುಹಾಕಿಸಲು ಹಣವನ್ನು ಕೊಡಬೇಕಾಗಿ ಬಂದಿತು.

ಮನೆಯೊಳಗಿನ ಸಾಮಾನುಗಳು ಬೇರೆ ಬೇರೆ ದಾರಿಯಿಂದ ಹೊರಟುಹೋದುವು. ಕಂಚಿನ ಬಟ್ಟಲುಗಳನ್ನು ಮಹಾಯುದ್ಧದ ಕಾಲದಲ್ಲಿ ಜಪಾನೀ ಸರ್ಕಾರವೇ ಲೋಹಕ್ಕಾಗಿ ಕಸಿದುಕೊಂಡಿತ್ತು. ಆಮೇಲೆ ಮಾಡಿಸಿಕೊಂಡವು ಕಲ್ಲಿದ್ದಲು ಬಿಲ್ಲೆಗಳ ಹೊಗೆಗೆ ಕಪ್ಪಿಡತೊಡಗಿ, ಉಜ್ಜಿ ಉಜ್ಜಿ ಬೇಸತ್ತ ಹೆಂಗಸರು ಅವನ್ನು ಕೊಟ್ಟು ತುಕ್ಕುಹಿಡಿಯದ ಉಕ್ಕಿನ ಪಾತ್ರೆಗಳನ್ನು ಕೊಂಡರು. ಹಳೆಯ ಪೆಟ್ಟಿಗೆ ಮಣೆಗಳಿಗೆ ಪ್ಲಾಸ್ಟಿಕ್ ಬೋಗುಣಿಗಳನ್ನು ಬದಲು ಕೊಟ್ಟು ಸಾಗಿಸುವ ವ್ಯಾಪಾರಿಗಳೂ ಹಳ್ಳಿಗಳಲ್ಲಿ ತಿರುಗಿದರು. ಬೇಗ ಸುಟ್ಟು ಹೆಚ್ಚು ಹೊಳಪನ್ನು ತರುವ ಆಶೆಯಿಂದ ಕೆಲವು ಕುಂಬಾರರು ಒಂಗಿಗೆ ಸೀಸದ ಬಣ್ಣವನ್ನು ಬಳಿದುದು ಬಯಲಾಗಿ, ನಿರಪರಾಧಿಗಳಾದ ಕುಂಬಾರರೂ ಗಿರಾಕಿಗಳನ್ನು ಕಳೆದುಕೊಂಡರು. ಮಹಡಿಮನೆಗಳಿಗೆ ಹೋದವರಿಗೆ ಹರವಿಗಳ ಜಗಲಿಗೆ ಸ್ಥಳವೆಲ್ಲಿ?

ಆದರೆ ಹುಲ್ಲಿನ ಕಥೆಯೇ ಬೇರೆ. ಅದರ ಬೇರಿಗೇ ಕೊಡಲಿಯು ಬಿದ್ದಿತು. ಫಿಲಿಪ್ಪೀನ್ ದೇಶದ ಅಂತರರಾಷ್ಟ್ರೀಯ ಬತ್ತದ ಸಂಶೋಧನಾಲಯದಲ್ಲಿ ಕೊರಿಯಾದ ವಿಜ್ಞಾನಿಯಾದ ಹೊ ಮುನ್‌ಹ್ವೆ ಮಿಶ್ರತಳಿಯೊಂದನ್ನು ಸಿದ್ಧಪಡಿಸಿದನು. ‘ತೋಂಗಿಲ್’, ಎಂದರೆ ಏಕೀಕರಣ, ಎಂಬ ಹೆಸರಿನ ಆ ಬತ್ತವು 1972ರಿಂದ ಹಳ್ಳಿಹಳ್ಳಿಗಳಲ್ಲಿ ಹರಡಿತು. ಇಳುವರಿಯು ಅಪಾರ, 1977ರ ವೇಳೆಗೆ ದೇಶವು ಅನ್ನಕ್ಕಾಗಿ ಪರರ ಮುಖವನ್ನು ನೋಡುವುದು ತಪ್ಪಿತು. ಹಸಿವನ್ನು ಕಂಡ ಯಾವನೂ ಇದನ್ನು ಹಳಿಯಲಾರನು. ಆದರೆ ಅದರ ಹುಲ್ಲು ಗಿಡ್ಡ, ಪೆಡಸು, ಹೊಸೆದರೆ ಮುರಿಯುವುದು. ಹಗ್ಗಕ್ಕೂ ಬಾರದು, ಚಾಪೆಗೂ ಬಾರದು, ಮಾಡಿಗೂ ಬಾರದು. ಸರ್ಕಾರವು ಹುಲ್ಲಿನ ಮಾಡನ್ನು ಕೀಳಿಸುತ್ತಿದ್ದಾಗಲೇ ಗದ್ದೆಯು ಆ ಹುಲ್ಲನ್ನು ಬೆಳೆಯುವುದನ್ನು ನಿಲ್ಲಿಸಿತ್ತು. 1980ರ ಚಳಿಗೆ ಪೈರು ಕೆಟ್ಟ ಮೇಲೆ ಆ ತಳಿಯನ್ನು ಜನರು ಕ್ರಮೇಣ ಬಿಟ್ಟರು. ಅಷ್ಟರಲ್ಲಿ ಹೊಸೆಯುವ ಕೈಗಳು ಕಾರ್ಖಾನೆಗಳಿಗೆ ಹೊರಟುಹೋಗಿದ್ದುವು. ಈಗ ಯಂತ್ರದಿಂದ ಕೊಯ್ದ ಹುಲ್ಲು ಬಿಳಿಯ ಪ್ಲಾಸ್ಟಿಕ್ ಉರುಳೆಗಳಾಗಿ ಗದ್ದೆಗಳಲ್ಲಿ ಬಿದ್ದಿರುತ್ತದೆ; ಅದು ದನಗಳ ಮೇವು.

ಕಳೆದುಹೋಗುತ್ತಿರುವುದು ಕಣ್ಣಿಗೆ ಬಿದ್ದೊಡನೆ ಕೂಡಿಡುವವರೂ ಹುಟ್ಟಿಕೊಂಡರು. 1974ರಲ್ಲಿ ಯೊಂಗಿನ್ ಎಂಬಲ್ಲಿ ಬೇರೆ ಬೇರೆ ಸೀಮೆಗಳ ಮನೆಗಳನ್ನು ಒಂದೆಡೆ ನಿಲ್ಲಿಸಿ ಪ್ರದರ್ಶನದ ಹಳ್ಳಿಯೊಂದನ್ನು ಕಟ್ಟಿದರು. ನಿಜವಾದ ಹಳ್ಳಿಗಳ ಮಾಡು ಕೀಳುತ್ತಿದ್ದ ವರ್ಷಗಳಲ್ಲಿಯೇ ಚೀಟಿ ಕೊಂಡು ನೋಡುವ ಹಳ್ಳಿಯು ಏಳುತ್ತಿದ್ದುದು ಕಾಲದ ಪರಿಹಾಸ್ಯವೇ ಸರಿ. ಮಕ್ಕಳ ಪುಸ್ತಕಗಳನ್ನು ಪ್ರಕಟಿಸಿ ಹಣವನ್ನು ಗಳಿಸಿದ್ದ ಕಿಮ್ ವೊನ್‌ದೆ ಎಂಬ ಮಹನೀಯನು 1978ರಲ್ಲಿ ಓನ್ಯಾಂಗ್ ಎಂಬ ಊರಿನಲ್ಲಿ ಜನಪದ ಸಂಗ್ರಹಾಲಯವನ್ನು ತೆರೆದನು. ಇನ್ನೊಬ್ಬನು ಹಾನ್ ಚಾಂಗ್‌ಗಿ. ವಿಶ್ವಕೋಶಗಳನ್ನು ಮಾರುತ್ತಿದ್ದ ಇವನು 1976ರಲ್ಲಿ ‘ಆಳವಾದ ಬೇರಿನ ಮರ’ ಎಂಬ ಅರ್ಥದ ಹೆಸರಿನ ಮಾಸಪತ್ರಿಕೆಯನ್ನು ಆರಂಭಿಸಿದನು. ಸೈನ್ಯಾಧಿಕಾರಿಗಳ ಸರ್ಕಾರವು 1980ರಲ್ಲಿ ಅದನ್ನು ನಿಲ್ಲಿಸಿತು. ಹಾನನು ಎದೆಗುಂದಲಿಲ್ಲ, ಬಡಗಿ, ಕುಂಬಾರ, ತಿರುಗಾಡುವ ವ್ಯಾಪಾರಿ ಮೊದಲಾದ ಸಾಮಾನ್ಯರ ಆತ್ಮಕಥೆಗಳನ್ನು ಅವರವರ ಸೀಮೆಯ ಮಾತಿನಲ್ಲಿಯೇ ಬರೆಸಿ ಅಚ್ಚುಹಾಕಿಸಿದನು. ಒಂದು ಹರವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ಅದನ್ನು ಮಾಡಿದವನ ಮಾತನ್ನು ಬರೆದಿಡುವುದು ದೊಡ್ಡದೆಂದು ಅವನಿಗೆ ತಿಳಿದಿತ್ತು. ಅವನು 1997ರಲ್ಲಿ ತೀರಿಕೊಂಡನು. ಅವನು ಕೂಡಿಟ್ಟ ವಸ್ತುಗಳಿಗಾಗಿ 2011ರಲ್ಲಿ ಸುನ್‌ಚೊನ್ ಎಂಬಲ್ಲಿ ಒಂದು ಸಂಗ್ರಹಾಲಯವಾಯಿತು.

ಹುಲ್ಲಿನ ಪಕ್ಷವನ್ನು ವಹಿಸಿದವಳು ಒಬ್ಬ ಹೆಂಗಸು. ಶಿನ್ ದೊಂಗ್‌ಯೊಪ್ ಎಂಬ ಹೆಸರಾಂತ ಕವಿಯು 1969ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಅವನ ಪತ್ನಿ ಇನ್ ಬ್ಯೊಂಗ್‌ಸೊನ್ ಹಳ್ಳಿಗಳಲ್ಲಿ ತಿರುಗಿ, ಮುದುಕರ ಎದುರಿಗೆ ಕುಳಿತು, ಯಾವ ಗಂಟನ್ನು ಹೇಗೆ ಹಾಕಬೇಕು, ಯಾವ ಬುಟ್ಟಿಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಕೇಳಿ ಬರೆದುಕೊಂಡು, 1993ರಲ್ಲಿ ಸಿಯೋಲಿನಲ್ಲಿ ಹುಲ್ಲು ಕಡ್ಡಿಗಳಿಗೆಂದೇ ಒಂದು ಸಂಗ್ರಹಾಲಯವನ್ನು ಸ್ಥಾಪಿಸಿದಳು. ಕಂಚು ಮಣ್ಣುಗಳು ಶತಮಾನಗಳವರೆಗೆ ಬಾಳುತ್ತವೆ. ಹುಲ್ಲಿನ ಕೆರವು ಕೆಲವು ದಿನಗಳಲ್ಲಿ ಸವೆಯುತ್ತದೆ, ಚಾಪೆಯು ಕೆಲವು ವರ್ಷಗಳಲ್ಲಿ ಗೊಬ್ಬರವಾಗುತ್ತದೆ. ಹೀಗಿರುವಾಗ ಹುಲ್ಲಿನಲ್ಲಿ ಉಳಿಸಬಹುದಾದದ್ದು ಕೈಯ ತಿಳಿವಳಿಕೆಯೊಂದೇ. ಆದುದರಿಂದ ಅಲ್ಲಿ ಮಕ್ಕಳ ಕೈಗೆ ಹುಲ್ಲನ್ನು ಕೊಟ್ಟು ಹೊಸೆಯುವುದನ್ನು ಕಲಿಸಿದರು.

ಕಾಯಿದೆಯೂ ತನ್ನ ಕೆಲಸವನ್ನು ಮಾಡಿದೆ. 1962ರ ಸಾಂಸ್ಕೃತಿಕ ಸಂಪತ್ತಿನ ಶಾಸನದಂತೆ ವಸ್ತುಗಳಲ್ಲದೆ ವಿದ್ಯೆಗಳನ್ನೂ ರಕ್ಷಣೆಗೆ ಸೇರಿಸಿಕೊಂಡು, ಬಲ್ಲವರಿಗೆ ಮಾಸಾಶನವನ್ನೂ ಶಿಷ್ಯರನ್ನೂ ಒದಗಿಸುವ ಏರ್ಪಾಡಾಯಿತು. ಒಂಗಿಯ ಕುಂಬಾರಿಕೆಗೆ 1990ರಲ್ಲಿ ಆ ಮನ್ನಣೆಯು ದೊರೆಯಿತು. 2018ರಲ್ಲಿ ಓಂದೋಲ್ ಪದ್ಧತಿಗೆ. ಸೋಯಾ ರಸ ಹಿಂಡಿಗಳನ್ನು ಮಾಡುವ ಕ್ರಮವು 2024ರಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು. ಪಾಜು ಎಂಬಲ್ಲಿ 2021ರಲ್ಲಿ ಜನಪದ ಸಂಗ್ರಹಾಲಯದವರು ತಮ್ಮ ಉಗ್ರಾಣವನ್ನೇ ಗಾಜಿನ ಗೋಡೆಗಳೊಳಗೆ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ.

ಆದರೆ ನೋಡುವುದೊಂದನ್ನೇ ಆರಿಸಿಕೊಳ್ಳೆಂದರೆ ನಾನು ಸುನ್‌ಚೊನ್ ಸೀಮೆಯ ನಾಗಾನ್ ಎಂಬ ಕೋಟೆಯೂರನ್ನು ಆರಿಸಿಕೊಳ್ಳುವೆನು. ಹಾನನ ಸಂಗ್ರಹಾಲಯವಿರುವುದೂ ಅದರ ಪಕ್ಕದಲ್ಲಿಯೇ. 1983ರಿಂದ ರಕ್ಷಿತವಾದ ಈ ಊರಿನ ಕಲ್ಲುಗೋಡೆಯೊಳಗೆ ಹುಲ್ಲುಮಾಡಿನ ಮನೆಗಳಲ್ಲಿ ಜನರು ಇಂದಿಗೂ ವಾಸವಾಗಿದ್ದಾರೆ. ತಮ್ಮ ಮನೆಯನ್ನು ಬದಲಾಯಿಸಬೇಕಾದರೆ ಸರ್ಕಾರದ ಅಪ್ಪಣೆಯನ್ನು ಬೇಡಬೇಕಾದ ತೊಡಕು ಅವರಿಗೆ ಇದೆ. ಕಿಟಕಿಯಲ್ಲಿ ಇಣುಕುವ ಪ್ರವಾಸಿಗಳ ಕಾಟವೂ ಸಣ್ಣದಲ್ಲ. ಸುಗ್ಗಿಯು ಮುಗಿದು ಚಳಿ ಬೀಳುತ್ತಲೇ ಅಂಗಳಗಳಲ್ಲಿ ಹುಲ್ಲಿನ ರಾಶಿಗಳು ಬೀಳುತ್ತವೆ. ಹಿರಿಯರು ಕುಳಿತು ‘ಇಯೊಂಗ್’ ಎಂಬ ಉದ್ದನೆಯ ಹೊದಿಕೆಗಳನ್ನು ಹೆಣೆಯುತ್ತಾರೆ. ಹಳೆಯ ಹೊದಿಕೆಯ ಮೇಲೆಯೇ ಹೊಸದನ್ನು ಸೂರಿನಿಂದ ನೆತ್ತಿಯ ಕಡೆಗೆ ಸುತ್ತುಸುತ್ತಾಗಿ ಬಿಚ್ಚಿ ಹಾಸುತ್ತಾರೆ. ನೆತ್ತಿಗೆ ‘ಯೋಂಗ್‌ಮಾರುಮ್’ ಎಂಬ ಜಡೆಯಂತಹ ಕಟ್ಟನ್ನು ಕೂರಿಸಿ, ಗಾಳಿಗೆ ಹಾರದಂತೆ ಹಗ್ಗಗಳನ್ನು ಅಡ್ಡಡ್ಡಲಾಗಿ ಬಿಗಿದು, ಸೂರಿನ ಅಂಚನ್ನು ಸಮವಾಗಿ ಕತ್ತರಿಸಿಬಿಟ್ಟರೆ ಆ ವರ್ಷದ ಕೆಲಸವು ಮುಗಿಯಿತು.